ಭಾಷೆ ದಾಟಿತು, ಲೈಬ್ರರಿಗಳು?

ಪೈಥಾನ್‌ನಂಥ ಡೈನಾಮಿಕ್ ಭಾಷೆ ಡಾಟ್‌ನೆಟ್ ಮೇಲೆ ನಿಧಾನವಾಗಿಯೇ ಓಡುತ್ತದೆ ಎಂಬ ಮಾತು 2000ದ ದಶಕದ ಆರಂಭದಲ್ಲಿ ಬಲವಾಗಿತ್ತು. ಪೈಥಾನನ್ನು ಅದಾಗಲೇ ಜಾವಾ ವೇದಿಕೆಗೆ ತಂದಿದ್ದ ಜಿಮ್ ಹ್ಯೂಗುನಿನ್, ಈ ನಿಧಾನಕ್ಕೆ ಕಾರಣವೇನೆಂದು ತೋರಿಸಲು ಡಾಟ್‌ನೆಟ್ ಮೇಲೆ ಓಡುವ ಪೈಥಾನ್ ಆವೃತ್ತಿಯಾದ ಐರನ್‌ಪೈಥಾನ್ ಬರೆಯತೊಡಗಿದರು. ಫಲಿತಾಂಶ ತಿರುಗುಮುರುಗಾಯಿತು. 2004ರಲ್ಲಿ ಅವರು ಮಂಡಿಸಿದ ಅಳತೆಗಳ ಪ್ರಕಾರ, ವೇಗ ಅಳೆಯುವ ಪೈಸ್ಟೋನ್ ಪರೀಕ್ಷೆಯಲ್ಲಿ ಅದು ಸಿ ಭಾಷೆಯಲ್ಲಿ ಬರೆದ ಮೂಲ ಪೈಥಾನನ್ನೇ ಹಿಂದೆ ಹಾಕಿತ್ತು. ಅಂದರೆ, ಡೈನಾಮಿಕ್ ಭಾಷೆಯಲ್ಲಿ ವೇರಿಯಬಲ್‌ನ ಟೈಪ್ ಓಡುವಾಗಲಷ್ಟೇ ಗೊತ್ತಾಗುವುದು ದಾಟಲಾರದ ಅಡ್ಡಿಯೇನಲ್ಲ.

ಹಾಗಿದ್ದರೆ ಎಲ್ಲರೂ ಐರನ್‌ಪೈಥಾನನ್ನೇ ಏಕೆ ಬಳಸುತ್ತಿಲ್ಲ? ನಿಜವಾದ ತೊಡಕು ಲೈಬ್ರರಿಗಳಲ್ಲಿದೆ ಎಂಬುದು ನನ್ನ ವಾದ. ನಮ್‌ಪೈನಂಥ ಲೈಬ್ರರಿಗಳ ಒಳತಿರುಳು ಸಿ ಕೋಡ್. ಅದು ಮೂಲ ಪೈಥಾನ್‌ನ ಮೆಮೊರಿ ವಿನ್ಯಾಸವನ್ನೂ ರೆಫರೆನ್ಸ್ ಎಣಿಕೆಯನ್ನೂ ನೆಚ್ಚಿಕೊಂಡಿದೆ. ಡಾಟ್‌ನೆಟ್‌ನಲ್ಲಾದರೋ ಗಾರ್ಬೇಜ್ ಕಲೆಕ್ಟರ್ ಆಬ್ಜೆಕ್ಟ್‌ಗಳನ್ನು ಮೆಮೊರಿಯೊಳಗೆ ಸರಿಸುತ್ತಿರುತ್ತದೆ, ಹಾಗಾಗಿ ಆ ಕೋಡ್ ಅಲ್ಲಿ ನೇರವಾಗಿ ಹೊಂದುವುದಿಲ್ಲ. ಮತ್ತೆ ಬರೆದರಾಯಿತಲ್ಲ ಎನ್ನಬಹುದು. ಬರೆಯಬಹುದು, ಆದರೆ ಅಷ್ಟರಲ್ಲಿ ಮೂಲ ಭಾಷೆ ಮುಂದೆ ಹೋಗಿರುತ್ತದೆ: ಪೈಥಾನ್ 3 ಬಂದದ್ದು 2008ರಲ್ಲಿ, ಐರನ್‌ಪೈಥಾನ್ 3.4 ಬಿಡುಗಡೆಯಾದದ್ದು 2022ರಲ್ಲಿ. ಆದರೂ ಈ ಶ್ರಮ ವ್ಯರ್ಥವೆಂದು ನಾನು ಒಪ್ಪಲಾರೆ. ಮೂಲ ಪೈಥಾನ್ ಜಿಐಎಲ್ ಬೀಗ ಹಾಕಿಕೊಂಡು ಒಮ್ಮೆಗೆ ಒಂದೇ ಥ್ರೆಡ್ ಓಡಿಸುತ್ತಿದ್ದ ಕಾಲದಲ್ಲೇ ಐರನ್‌ಪೈಥಾನ್‌ನ ಥ್ರೆಡ್‌ಗಳು ಹಲವು ಕೋರ್‌ಗಳಲ್ಲಿ ಒಟ್ಟಿಗೆ ಓಡುತ್ತಿದ್ದವು.