ಮರೆವು ಮೊದಲೋ, ಮಂಕು ಮೊದಲೋ?

“ಸೊಸೆ ನನ್ ದುಡ್ಡೆಲ್ಲ ಎತ್ಕೊಂಡವ್ಳೆ, ಮುದ್ದೆಗೆ ಏನೋ ಆಕವ್ಳೆ” ಎಂದು ಎಪ್ಪತ್ತು ದಾಟಿದ ಅಜ್ಜಿ ಬೀದಿಗೆ ಕೇಳುವಂತೆ ಕೂಗಾಡಿದರೆ, ಮಂಡ್ಯ ಕಡೆಯ ಕಿರಂಗೂರಾಗಲಿ ಪಾಂಡವಪುರವಾಗಲಿ, ಅಕ್ಕಪಕ್ಕದವರ ಬಳಿ ಉತ್ತರ ಸಿದ್ಧವಿರುತ್ತದೆ: ಅರವತ್ತಕ್ಕೆ ಅರಳು ಮರಳು. ವೈದ್ಯರಿಗೆ ಅದು ಅಷ್ಟು ಸಲೀಸಲ್ಲ. ಇದು ಮನೋರೋಗವೋ, ಮಿದುಳಿನ ಕೋಶಗಳೇ ನಶಿಸುವ ಡಿಮೆನ್ಷಿಯಾವೋ ಎಂದು ಅವರು ಬಿಡಿಸಿ ನೋಡಬೇಕು.

ಈ ಗೊಂದಲ ಡಿಮೆನ್ಷಿಯಾದ ಒಂದು ಬಗೆಯಾದ ಆಲ್‌ಜೈಮರ್ ಕಾಯಿಲೆಯಷ್ಟೇ ಹಳೆಯದು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಬಂದ ಆಗಸ್ಟೆ ಡೀಟರ್ ಎಂಬಾಕೆಗೆ ಆಗ 51 ವರ್ಷ. ಮನೆಯವರ ಕಣ್ಣಿಗೆ ಮೊದಲು ಬಿದ್ದದ್ದು ಗಂಡನ ಮೇಲಿನ ಅನುಮಾನ. ಮರೆವು ಎದ್ದು ಕಂಡದ್ದು ಆಮೇಲೆ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮನೋವೈದ್ಯ ಅಲಾಯಿಸ್ ಆಲ್‌ಜೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗಲೇ ಒಳಗಿನ ಹಾನಿ ತಿಳಿದದ್ದು.

ಉಲ್ಟಾ ಮೋಸವೂ ಉಂಟು. ವಯಸ್ಸಾದವರ ಖಿನ್ನತೆ ಮರೆವಿನ ವೇಷದಲ್ಲೇ ಬರಬಹುದು. 1961ರಲ್ಲಿ ಲೆಸ್ಲಿ ಕೈಲೋ ಎಂಬ ಮನೋವೈದ್ಯ ಇಂಥ ‘ಹುಸಿ ಡಿಮೆನ್ಷಿಯಾ’ ಕುರಿತು ಬರೆದರು. ಖಿನ್ನತೆಯವರು ಸಾಮಾನ್ಯವಾಗಿ ತಾವೇ ದೂರುತ್ತಾರೆ: “ನಂಗೇನೂ ಗ್ಯಾಪ್ಕ ಇಲ್ಲ ಕಣಪ್ಪ, ತಲೆನೇ ಓಡಕಿಲ್ಲ.” ಡಿಮೆನ್ಷಿಯಾದವರು ಮುಚ್ಚಿಡುವುದೇ ಹೆಚ್ಚು, ತಾರೀಕು ಕೇಳಿದರೆ “ಮನೇಲಿರೋರಿಗೆ ಅದ್ಯಾಕೆ ಬೇಕು” ಎಂದು ನಗುತ್ತಾರೆ, ಮಗನ ಮುಖ ನೋಡುತ್ತಾರೆ. ಇದೂ ಗೆರೆ ಎಳೆದ ನಿಯಮವೇನಲ್ಲ. ಇಳಿವಯಸ್ಸಿನಲ್ಲಿ ಮೊದಲ ಸಲ ಬರುವ ಖಿನ್ನತೆ ಕೆಲವೊಮ್ಮೆ ಡಿಮೆನ್ಷಿಯಾದ ಮುನ್ಸೂಚನೆಯೇ ಆಗಿರುತ್ತದೆ. ಇನ್ನು ಐವತ್ತರ ಆಸುಪಾಸಿನಲ್ಲಿ ಶುರುವಾಗಬಹುದಾದ ಫ್ರಾಂಟೋಟೆಂಪೊರಲ್ ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಚೆನ್ನಾಗಿದ್ದು ನಾಚಿಕೆ, ಕರುಣೆ ಮೊದಲು ಹೋಗುತ್ತವೆ. ಅದನ್ನು ಮನೋರೋಗವೆಂದುಕೊಂಡು ವರ್ಷಗಟ್ಟಲೆ ಕಳೆಯುವವರಿದ್ದಾರೆ.

ಹಾಗಾದರೆ ಹಿಡಿಯುವುದು ಹೇಗೆ? ನನ್ನ ಮಟ್ಟಿಗೆ ಸ್ಕ್ಯಾನ್‌ಗಿಂತ ದೊಡ್ಡ ಸಾಕ್ಷಿ ಜೊತೆಗಿದ್ದವರ ಮಾತು: ಯಾವುದು ಮೊದಲು ಬಂತು, ಎಷ್ಟು ಬೇಗ ಬೆಳೆಯಿತು? ತಿಂಗಳು ನೆನಪಿರದಿದ್ದರೂ ಹಬ್ಬ ನೆನಪಿರುತ್ತದೆ. ಶ್ರೀರಂಗಪಟ್ಟಣದ ದಸರಾ ಶುರುವಾಗುವುದು ಕಿರಂಗೂರಿನ ಬನ್ನಿಮಂಟಪದಿಂದ. ಹೋದ ವರ್ಷ ಅಜ್ಜಿ ಆನೆ ನೋಡಲು ಹೋಗಿ ಒಬ್ಬರೇ ಮನೆಗೆ ಬಂದರಾ? ಅದಕ್ಕೂ ಹಿಂದಿನ ವರ್ಷ? ಎರಡು ಮೂರು ವರ್ಷದಲ್ಲಿ ಮೆಲ್ಲಗೆ ಕುಸಿದಿದ್ದರೆ ಡಿಮೆನ್ಷಿಯಾದ ಕಡೆ ಅನುಮಾನ. ಯಜಮಾನರು ಹೋದ ಮೇಲೆ ವಾರಗಳಲ್ಲೇ ಊಟ, ನಿದ್ದೆ, ಮಾತು ಎಲ್ಲ ಕೆಟ್ಟಿದ್ದರೆ ಖಿನ್ನತೆಯ ಕಡೆ. ನಿನ್ನೆ ಸರಿಯಿದ್ದವರು ಇವತ್ತು ಮನೆಯವರನ್ನೇ ಗುರುತಿಸದಿದ್ದರೆ ಅದು ಡೆಲಿರಿಯಂ, ಅಂದರೆ ದಿಢೀರ್ ಬುದ್ಧಿಗೊಂದಲ, ಇರಬಹುದು. ಅದಕ್ಕೆ ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ ಸಾಕು. ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಬಚ್ಚಲಲ್ಲಿ ಜಾರಿಬಿದ್ದು ವಾರಗಳ ನಂತರ ಮಂಕಾದವರಿಗೆ ಮಾತ್ರ ಸ್ಕ್ಯಾನ್ ನಿಜಕ್ಕೂ ದೇವರು: ತಲೆಬುರುಡೆಯೊಳಗೆ ನಿಂತ ರಕ್ತ ತೋರಿಸುತ್ತದೆ. ಮರೆವು ತರಬಲ್ಲ ಬಿ12, ಥೈರಾಯ್ಡ್ ಕೊರತೆ ಹಿಡಿಯಲು ರಕ್ತಪರೀಕ್ಷೆ ಸಾಕು.

ನೆನಪು, ಯೋಚನೆ ಅಳೆಯುವ ಪರೀಕ್ಷೆಗಳನ್ನೂ ನೋಡಿಕೊಂಡು ಬಳಸಬೇಕು. 1975ರ ಪ್ರಸಿದ್ಧ ಎಂಎಂಎಸ್‌ಇ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುವ ಲೆಕ್ಕವಿದೆ, ವಾಕ್ಯ ಓದುವುದಿದೆ. ಶಾಲೆ ಮೆಟ್ಟಿಲು ಹತ್ತದೆ ಗದ್ದೆ ನಾಟಿ ಮಾಡಿದವರು ಆರೋಗ್ಯವಾಗಿದ್ದೂ ಅದರಲ್ಲಿ ಫೇಲಾಗಬಹುದು. ಈಗ ಐಸಿಎಂಆರ್‌ನ ಪರೀಕ್ಷೆಗಳು ಕನ್ನಡದಲ್ಲೂ ಇವೆ.

ತಪ್ಪಾದರೆ ನಷ್ಟ ಸಣ್ಣದಲ್ಲ. ಲೆವಿ ಬಾಡಿ ಡಿಮೆನ್ಷಿಯಾದಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣುತ್ತವೆ; ಅದಕ್ಕೆಂದು ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದು ಪ್ರಾಣಕ್ಕೇ ಅಪಾಯವಾಗಬಹುದು. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೇ ಮರೆವನ್ನು ಹೆಚ್ಚಿಸಬಲ್ಲದು. ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಟಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಮಂಡಿನೋವಿನದ್ದು ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಬೆಂಗಳೂರಿಂದ ಹಬ್ಬಕ್ಕೆ ಬರುವ ಮಗನ ಬದಲು, ಬೈಸಿಕೊಂಡ ಆ ಸೊಸೆಯನ್ನೇ ಜೊತೆಗೆ ಕರೆದೊಯ್ಯಿರಿ.