ಬಯಾಪ್ಸಿ ಕೊಟ್ಟು ಬಂದ ಮೇಲಿನ ಹತ್ತು ದಿನ

ಬಾಟಲಿ ನನ್ನ ಕೈಯಲ್ಲಿತ್ತು. ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಬಾಟಲಿ, ಒಳಗೆ ನೀರಿನಂಥ ದ್ರವ, ತಳದಲ್ಲಿ ತೊಗರಿಕಾಳಿನಷ್ಟು ಬಿಳಚಿದ ಮಾಂಸದ ಚೂರು. ದೊಡ್ಡಪ್ಪನ ಎಡಗೆನ್ನೆಯ ಒಳಭಾಗದ್ದು. ಕುಮಟೆಯ ಹಲ್ಲಿನ ಡಾಕ್ಟರು ಹೆಸರು, ವಯಸ್ಸು, ಯಾವ ಕಡೆಯ ಕೆನ್ನೆ ಎಂದೆಲ್ಲ ಬರೆದ ಚೀಟಿ ಅಂಟಿಸಿ, "ಲ್ಯಾಬಿಗೆ ಮುಟ್ಟಿಸಿ, ಒಂದು ವಾರ ಹತ್ತು ದಿನ ಆಗ್ತದೆ" ಎಂದಿದ್ದರು. ಹೊರಗಿನ ಬೆಂಚಿನ ಮೇಲೆ ಹತ್ತಿ ಕಚ್ಚಿಕೊಂಡು ಕೂತಿದ್ದ ದೊಡ್ಡಪ್ಪ ಬಾಟಲಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಸಣ್ಣ ಚೂರು ನೋಡಲೆ ಹತ್ತು ದಿನ ಎಂತಕ್ಕೆ ತಮಾ?"

ನ್ಯಾಯವಾದ ಪ್ರಶ್ನೆ. ಉತ್ತರ ಗೊತ್ತಿಲ್ಲದವರು ತಾವೇ ಒಂದು ಉತ್ತರ ಕಟ್ಟಿಕೊಳ್ಳುತ್ತಾರೆ: ತಡ ಅಂದರೆ ಏನೋ ಕೆಟ್ಟದ್ದು ಸಿಕ್ಕಿದೆ, ಹೇಳಲು ಹಿಂಜರಿಯುತ್ತಿದ್ದಾರೆ. ಹಾಗಲ್ಲ.

ಬಾಟಲಿಯಲ್ಲಿರುವುದು ಶೇ 10ರ ಫಾರ್ಮಾಲಿನ್. ಅದು ಚೂರನ್ನು ಕೊಳೆಯದಂತೆ ಹಿಡಿದಿಡುತ್ತದೆ. ಒಳಗಿನವರೆಗೂ ಇಳಿಯಲು ಕೆಲವು ಗಂಟೆಗಳಿಂದ ಒಂದು ದಿನದವರೆಗೂ ಬೇಕು. ಬಾಟಲಿ ಸೋರಿತೆಂದು ನೀರೋ ಸ್ಪಿರಿಟ್ಟೋ ತುಂಬಿಸಿದರೆ ಚೂರು ಹಾಳಾಗಬಹುದು, ಮತ್ತೆ ಕತ್ತರಿಸಿಕೊಳ್ಳಬೇಕಾದೀತು. ಹಾಗಾಗಿ ಬಾಟಲಿ ಹೊರುವವರು ಮುಚ್ಚಳ ಬಿಗಿ ನೋಡಿಕೊಂಡು, ನೆಟ್ಟಗೆ ಹಿಡಿದು, ಡಾಕ್ಟರು ಬರೆದುಕೊಟ್ಟ ಕಾಗದದ ಸಮೇತ ಒಯ್ಯಬೇಕು. ಲ್ಯಾಬಿನಲ್ಲಿ ಚೂರಿನ ಅಳತೆ, ಬಣ್ಣ ಬರೆದುಕೊಂಡು ಯಂತ್ರಕ್ಕೆ ಹಾಕುತ್ತಾರೆ. ರಾತ್ರಿಯಿಡೀ ಅದು ಆಲ್ಕೋಹಾಲಿನಲ್ಲಿ ನೀರು ಕಳೆದುಕೊಂಡು ಮೇಣ ಕುಡಿಯುತ್ತದೆ. ಬೆಳಗ್ಗೆ ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ಬ್ಲಾಕನ್ನು 3ರಿಂದ 5 ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ತಲೆಕೂದಲು ಇದರ ಹತ್ತು ಹದಿನೈದು ಪಟ್ಟು ದಪ್ಪ. ಆ ಹೆರಕಲನ್ನು ಗಾಜಿನ ಮೇಲೆ ಹಾಸಿ ಎರಡು ಬಣ್ಣ ಕೊಟ್ಟರೆ ಜೀವಕೋಶದ ನಡುವಿನ ಬೀಜ ನೇರಳೆ, ಉಳಿದದ್ದು ಗುಲಾಬಿ. ಇಷ್ಟಾದ ಮೇಲೆ ಪೆಥಾಲಜಿಸ್ಟ್ ಕಣ್ಣು ಹಾಕುತ್ತಾರೆ.

ಅಡ್ಡಿಯಿಲ್ಲದೆ ಸಾಗಿದರೆ ಮೂರು ನಾಲ್ಕು ದಿನದ ಕೆಲಸ. ಉಳಿದ ದಿನ ಹೋಗುವುದು ಸಾಗಾಟ, ಭಾನುವಾರ, ಹಬ್ಬದ ರಜೆ, ಸರತಿ ಸಾಲಿಗೆ. ಕೆಲವು ಸಲ ಇನ್ನೂ ಆಳಕ್ಕೆ ಹೆರೆದು ನೋಡಬೇಕಾಗುತ್ತದೆ. ಬೂಸಲು ಇದೆಯೇ ಎಂದು ತಿಳಿಯಲು ಬೇರೆ ಬಣ್ಣ ಹಾಕುತ್ತಾರೆ. ಇನ್ನೊಬ್ಬ ಪೆಥಾಲಜಿಸ್ಟರ ಅಭಿಪ್ರಾಯ ಕೇಳುತ್ತಾರೆ. ಇವೆಲ್ಲ ಸಾಧಾರಣ ಹುಣ್ಣಿಗೂ ಆಗುತ್ತವೆ, ಕೆಟ್ಟದ್ದಕ್ಕೂ ಆಗುತ್ತವೆ. ಹತ್ತು ದಿನ ದಾಟಿದರೆ ಫೋನ್ ಮಾಡಿ ಕೇಳಬೇಕು, ಸಂಕೋಚ ಬೇಡ. "ವರದಿ ಏನು" ಎನ್ನುವುದಕ್ಕಿಂತ "ವರದಿ ತಯಾರಾಯಿತೇ, ಇಲ್ಲವಾದರೆ ಯಾವ ಹಂತದಲ್ಲಿದೆ" ಎಂದು ಕೇಳಿದರೆ ನೇರ ಉತ್ತರ ಸಿಗುತ್ತದೆ. ಬಯಾಪ್ಸಿ ನಂಬರ್ ಕೈಯಲ್ಲಿರಲಿ.

ಇನ್ನು ಬಾಯಿಯ ಮಾತು. ಮೊದಲ ದಿನ ಬಿಸಿ ಬೇಡ, ಜೋರಾಗಿ ಮುಕ್ಕಳಿಸುವುದು ಬೇಡ, ಉಗುಳುತ್ತಾ ಇರುವುದೂ ಬೇಡ. ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ರಕ್ತ ಜಿನುಗಿದರೆ ಶುಭ್ರ ಬಟ್ಟೆ ಮಡಚಿ ಇಪ್ಪತ್ತು ನಿಮಿಷ ಒತ್ತಿ ಹಿಡಿಯಬೇಕು, ನಡುವೆ ತೆಗೆದು ನೋಡಬಾರದು. ಮರುದಿನದಿಂದ ಊಟವಾದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು. ಮೆಣಸು ಹಾಕಿದ ಮೀನುಸಾರನ್ನು ನಾಲ್ಕು ದಿನ ಮರೆಯಬೇಕು. ನಮ್ಮ ಕಡೆಯ ತಂಬುಳಿ ಇದಕ್ಕೆಂದೇ ಹುಟ್ಟಿದಂತಿದೆ: ಒಂದೆಲಗದ್ದೋ ದೊಡ್ಡಪತ್ರೆಯದ್ದೋ, ಕಾಳುಮೆಣಸು ಬಿಟ್ಟು, ತಣ್ಣಗೆ, ಮೆತ್ತಗೆ ಕಿವುಚಿದ ಅನ್ನದ ಜೊತೆ. ಅರಿಶಿನ, ಸುಣ್ಣ, ಲವಂಗದ ಎಣ್ಣೆ ಇವನ್ನೆಲ್ಲ ಗಾಯದ ಮೇಲೆ ಹಚ್ಚಬೇಡಿ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ನುಂಗಲು ಉಸಿರಾಡಲು ಕಷ್ಟವಾದರೆ ವರದಿಗೆ ಕಾಯದೆ ಹೊರಡಬೇಕು.

ಕವಳದ ವಿಷಯಕ್ಕೆ ಬರಲೇಬೇಕು. ಭಟ್ಕಳದಿಂದ ಕುಮಟೆವರೆಗೆ ಜಾತಿಮತ ನೋಡದ ಅಭ್ಯಾಸ ಇದು. ತಂಬಾಕು ಹಾಕುವುದಿಲ್ಲ, ಬರೀ ಎಲೆ ಅಡಿಕೆ ಎಂದು ದೊಡ್ಡಪ್ಪನೂ ಹೇಳುತ್ತಿದ್ದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ಅಡಿಕೆ ತೋಟದ ಆದಾಯದಲ್ಲಿ ಬೆಳೆದ ನನಗೆ ಇದನ್ನು ಬರೆಯಲು ಖುಷಿಯೇನಿಲ್ಲ. ಬಿಡಬೇಕೆಂದಿದ್ದವರಿಗೆ ಈ ಹತ್ತು ದಿನ ಒಳ್ಳೆಯ ನೆವ. ಗಾಯ ಇದೆ, ಡಾಕ್ಟರು ಬೇಡ ಅಂದಿದ್ದಾರೆ ಎಂದರೆ ಸಂಚಿ ಚಾಚಿದವರೂ ಒತ್ತಾಯ ಮಾಡುವುದಿಲ್ಲ. ತಂಬಾಕಿದ್ದರೆ 1800-11-2356 ರಾಷ್ಟ್ರೀಯ ಸಹಾಯವಾಣಿ, ಉಚಿತ.

ಕಾಯುವುದರಲ್ಲಿ ಹಗಲು ಹೇಗೋ ಕಳೆಯುತ್ತದೆ. ಕಷ್ಟ ರಾತ್ರಿಯದು. ನಾಲಗೆ ತಾನಾಗಿ ಹೋಗಿ ಗಾಯ ತಡವುತ್ತದೆ. ಪ್ರತಿ ಸಲ ಮೊದಲಿಗಿಂತ ದೊಡ್ಡದಾದಂತೆ ಅನಿಸುತ್ತದೆ. ಹೊಲಿಗೆ ಹಾಕಿದ ಜಾಗ ಊದಿ ಬೆಳ್ಳಗೆ ಪೊರೆ ಕಟ್ಟುವುದು ಮಾಯುವ ಲಕ್ಷಣ. ಅದನ್ನು ಮೊಬೈಲ್ ಟಾರ್ಚಿನಲ್ಲಿ ಗಂಟೆಗೊಮ್ಮೆ ನೋಡಿ, ಗೂಗಲ್‌ನ ಚಿತ್ರಗಳ ಪಕ್ಕ ಇಟ್ಟರೆ ಯಾರಿಗಾದರೂ ನಿದ್ದೆ ಹಾರಿಹೋಗುತ್ತದೆ. ನಾವು ಮಾಡಿದ್ದು ಇಷ್ಟು: ಕನ್ನಡಿ ನೋಡುವುದು ದಿನಕ್ಕೆ ಒಮ್ಮೆ, ಹಲ್ಲುಜ್ಜುವಾಗ ಮಾತ್ರ, ವರದಿಯ ಮಾತು ಸಂಜೆ ಚಾ ಕುಡಿಯುವಾಗ ಅರ್ಧ ಗಂಟೆ ಮಾತ್ರ. ಉಳಿದ ಹೊತ್ತು ಯಾರಾದರೂ ಶುರು ಮಾಡಿದರೆ "ಸಂಜೆಗೆ" ಅನ್ನುವುದು. ತಮಾಷೆ ಎನಿಸಿದರೂ ಮನೆ ತಣ್ಣಗಾಯಿತು. ಊರಿಗೆಲ್ಲ ಹೇಳಬೇಕಿಲ್ಲ. ಹೇಳಿದರೆ ಒಬ್ಬೊಬ್ಬರೂ ಒಂದೊಂದು ನಾಟಿ ಔಷಧದ ವಿಳಾಸ ಹಿಡಿದು ಬರುತ್ತಾರೆ, ಮೇಲೆ "ಚುಚ್ಚಿಸಬಾರದಿತ್ತು, ಹರಡುತ್ತದೆ" ಎನ್ನುತ್ತಾರೆ. ಬಯಾಪ್ಸಿ ಮಾಡಿಸಿದ್ದರಿಂದ ಬಾಯಿಯ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ; ಮಾಡಿಸದೆ ಕಳೆದ ತಿಂಗಳುಗಳೇ ಅಪಾಯ. ಎರಡು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಬೇಕು ಎನ್ನುವುದು ಇದಕ್ಕೇ. ಎದೆ ಹೊಡೆದುಕೊಂಡು ನಿದ್ದೆಯೇ ಬಾರದಿದ್ದರೆ 14416 ಟೆಲಿ ಮಾನಸ್‌ಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನನ್ನ ದೃಷ್ಟಿಯಲ್ಲಿ ನಮ್ಮ ಕಡೆಯವರಿಗೆ ಕಾಯುವುದಕ್ಕಿಂತ ದೊಡ್ಡ ತೊಡಕು ದೂರ. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಊರೂರಲ್ಲಿ ಕೂಗೆದ್ದದ್ದು ಸುಮ್ಮನೆ ಅಲ್ಲ. ಭಟ್ಕಳದವರಿಗೆ ಮಣಿಪಾಲ ಎರಡು ತಾಸು; ಕುಮಟೆಯವರು ದಕ್ಷಿಣಕ್ಕೆ ಮಣಿಪಾಲವೋ, ದೇವಿಮನೆ ಘಟ್ಟ ಹತ್ತಿ ಹುಬ್ಬಳ್ಳಿಯೋ ಎಂದು ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ಆ ಲೆಕ್ಕವೂ ತಪ್ಪುತ್ತದೆ: 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಇಷ್ಟು ದೂರ ಯಾರು ಹೋಗುವುದು ಎಂದು ವರದಿ ತರದೆ ಬಿಡುವವರೂ ಇದ್ದಾರೆ. ಹಾಗಾಗಿ ಬಯಾಪ್ಸಿಯ ದಿನವೇ ಮೂರು ವಿಷಯ ಕೇಳಿಕೊಳ್ಳಿ: ವರದಿ ವಾಟ್ಸ್ಆ್ಯಪಿಗೆ ಬರುತ್ತದೆಯೇ, ಬೇರೆಯವರು ಬಂದರೆ ಕೊಡುತ್ತಾರೆಯೇ, ಅದನ್ನು ವಿವರಿಸಲು ಡಾಕ್ಟರು ಯಾವ ದಿನ ಸಿಗುತ್ತಾರೆ. ಡಾಕ್ಟರು ಸಿಗದ ಶನಿವಾರ ಸಂಜೆ ಫೋನಿನಲ್ಲಿ ವರದಿ ತೆರೆಯುವುದಕ್ಕಿಂತ ಸೋಮವಾರ ಅವರೆದುರು ಕೂತು ಓದುವುದು ಮೇಲು.

ಬಿಪಿಎಲ್ ಕಾರ್ಡಿನವರು ಈ ದಿನಗಳಲ್ಲೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದ ಹೊಂದಿಸಿಕೊಳ್ಳಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಆದರೆ ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಟ್ಟರೆ ಓಡಾಟ ತಪ್ಪುತ್ತದೆ. ಬೇಡವಾದರೆ ಕಾಗದ ಕಪಾಟಿನಲ್ಲಿರಲಿ.

ವರದಿಯ ಇಂಗ್ಲಿಷ್ ಹೆದರಿಸುತ್ತದೆ. ಹೈಪರ್‌ಕೆರಟೋಸಿಸ್ ಅಂದರೆ ಬಾಯಿಯ ಒಳಚರ್ಮದ ಮೇಲ್ಪದರ ದಪ್ಪವಾಗಿದೆ ಅಷ್ಟೆ. ಲೈಕನ್ ಪ್ಲೇನಸ್ ಅಂದರೆ ಬಹುಕಾಲ ಕಾಡುವ, ಆಗಾಗ ತೋರಿಸುತ್ತಿರಬೇಕಾದ ಉರಿಯೂತ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಡಿಕೆಯ ಉಡುಗೊರೆ. ಕೆನ್ನೆ ಬಿಗಿದು ಬಾಯಿ ತೆರೆಯಲಾಗುವುದಿಲ್ಲ. ಡಿಸ್‌ಪ್ಲೇಸಿಯಾ ಎಂದಿದ್ದರೆ ಕೋಶಗಳು ದಾರಿ ತಪ್ಪತೊಡಗಿವೆ, ಇನ್ನೂ ಕ್ಯಾನ್ಸರ್ ಆಗಿಲ್ಲ. ಮೈಲ್ಡ್, ಮಾಡರೇಟ್, ಸಿವಿಯರ್ ಎಂದು ಅದಕ್ಕೆ ಮೆಟ್ಟಿಲುಗಳು. ದೊಡ್ಡಪ್ಪನದ್ದು ಮಾಡರೇಟ್ ಎಂದು ಬಂತು. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂದಿದ್ದರೆ ಕ್ಯಾನ್ಸರೇ ಹೌದು. ಆಗ ಸ್ಕ್ಯಾನ್, ಶಸ್ತ್ರಚಿಕಿತ್ಸೆಯ ಮಾತು ಆ ವಾರವೇ ಶುರುವಾಗಬೇಕು, ಬೇಗ ಸಿಕ್ಕಿದ್ದಕ್ಕೆ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ. ವರದಿ ಏನೂ ಇಲ್ಲ ಎಂದರೂ ಹುಣ್ಣು ಹಾಗೇ ಉಳಿದರೆ ಮತ್ತೆ ತೋರಿಸಬೇಕು. ಚೂರು ತೆಗೆದ ಜಾಗ ತಪ್ಪಿರಲೂ ಸಾಕು.

ಬೇರೆ ಆಸ್ಪತ್ರೆಗೆ ಹೋಗುವುದಾದರೆ ಬರೀ ಕಾಗದ ಸಾಲದು. ಗಾಜಿನ ಸ್ಲೈಡುಗಳನ್ನೂ ಆ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆಯಬೇಕು, ಅಲ್ಲಿಯವರು ಅದನ್ನೇ ಮತ್ತೆ ನೋಡುತ್ತಾರೆ. ಅರ್ಜಿ ಬರೆದು ಸಹಿ ಹಾಕಿದರೆ ಕೊಡುತ್ತಾರೆ. ಮಣಿಪಾಲಕ್ಕೆ ಹೋದ ದಿನ ದೊಡ್ಡಪ್ಪ ಆ ಬ್ಲಾಕನ್ನು ಹತ್ತಿಯಲ್ಲಿ ಸುತ್ತಿ ಅಂಗಿಯ ಮೇಲ್ಜೇಬಿನಲ್ಲಿಟ್ಟುಕೊಂಡಿದ್ದ. ಬಿಸಿಲಿಗೆ ಮೇಣ ಕರಗೀತು ಎಂದು ನಾನೇ ಅದನ್ನು ಕಸಿದು ಊಟದ ಚೀಲದೊಳಗೆ, ಮಜ್ಜಿಗೆ ಬಾಟಲಿಯ ಪಕ್ಕ ಇಟ್ಟೆ.