ಕಾರಿನ ಕಾವಲು: ಕೂಗು ಹದವಾಗಿರಲಿ

ರಾಯಚೂರಿನಿಂದ ಕೃಷ್ಣಾ ನದಿ ದಾಟಿದರೆ ತೆಲಂಗಾಣದ ಮಕ್ತಲ್ ಸೀಮೆ. ಅಲ್ಲಿಂದ ನಾರಾಯಣಪೇಟೆ ದೂರವಿಲ್ಲ. ನದಿಯ ದಕ್ಷಿಣಕ್ಕೆ ಗದ್ವಾಲ. ಹಿಂದೆ ಮೂರೂ ಮಹಬೂಬನಗರ ಜಿಲ್ಲೆಯಲ್ಲಿದ್ದವು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಕುಟುಂಬಗಳು ಅಲ್ಲಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ ಎಂಬ ನಮ್ಮ ಪಾಡಿಗೂ ಅವರ ಪಾಡಿಗೂ ಹೆಚ್ಚು ಅಂತರವಿಲ್ಲ.

ಮಕ್ತಲಿನಲ್ಲಿ ನಮ್ಮ ಪರಿಚಯದ ಮೇಷ್ಟರೊಬ್ಬರ ಮನೆ 167ನೇ ರಾಷ್ಟ್ರೀಯ ಹೆದ್ದಾರಿಯ ಬದಿಗಿದೆ. ಅವರು ಕಾರಿಗೆ ಕಳ್ಳಗಂಟೆ ಹಾಕಿಸಿದರು. ರಾತ್ರಿ ಭಾರದ ಲಾರಿ ಹಾದಾಗಲೆಲ್ಲ ಅದು ಕಿರುಚಿತು. ನೆರೆಯವರು ಬೇಸತ್ತರು. ಕೊನೆಗೆ ಮೇಷ್ಟರು ಅದರ ವೈರನ್ನೇ ಕೀಳಿಸಿದರು. ತಿಂಗಳೊಳಗೆ ನಾರಾಯಣಪೇಟೆಯ ಸೀರೆ ಅಂಗಡಿಯೆದುರು ಯಾರೋ ಕಾರಿನ ಗಾಜು ಒಡೆದು ಚೀಲ ಒಯ್ದರು. ಕಾರು ಮಾತ್ರ ತುಟಿ ಬಿಚ್ಚಲಿಲ್ಲ. ಮಗಳ ಮದುವೆಗೆಂದು ಕೊಂಡ ಸೀರೆಗಳು ಆ ಚೀಲದಲ್ಲಿದ್ದವು.

ತಪ್ಪು ಯಂತ್ರದ್ದಲ್ಲ, ಅದರ ಹದದ್ದು. ಜತೆಗೆ ಬಂದ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು, ಅಳವಡಿಸಿದವನು ಹೇಳಿದ್ದು ತೆಲುಗಿನಲ್ಲಿ. ಆದುದರಿಂದ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕಾರಿಗೆ ಪೆಟ್ಟು ಬಿದ್ದುದನ್ನು ಅರಿಯುವ ಚಿಕ್ಕ ಪೆಟ್ಟಿಗೆಗೆ ಶಾಕ್ ಸೆನ್ಸರ್ ಎಂದು ಹೆಸರು. ಹಲವುದರಲ್ಲಿ ಒಂದು ಬಿಲ್ಲೆಯಿರುತ್ತದೆ. ಅದುರಿದಾಗ ಅದರಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿಕೊಟ್ಟರು. ಅದೇ ತತ್ವ ಇಲ್ಲಿಯೂ ಇದೆ. ಎರಡು ಹಂತದ ಸೆನ್ಸರ್ ಆದರೆ ಹಗುರ ಪೆಟ್ಟಿಗೆ ಚುಟುಕಾಗಿ ಎಚ್ಚರಿಸುತ್ತದೆ, ಜೋರು ಪೆಟ್ಟಿಗೆ ಪೂರ್ಣ ಸೈರನ್ ಕೂಗಿಸುತ್ತದೆ.

ಮೊದಲ ಮಾತು, ಅದನ್ನು ಕೂಡಿಸುವ ಜಾಗ. ಡ್ಯಾಶ್‌ಬೋರ್ಡಿನ ಕೆಳಗೆ, ಕಾರಿನ ಮೈಗೆ ಬಿಗಿಯಾಗಿ ಸೇರಿದ ಲೋಹದ ಪಟ್ಟಿಗೆ ಅದನ್ನು ಸ್ಕ್ರೂ ಹಾಕಿ ಅಥವಾ ಗಟ್ಟಿಯಾಗಿ ಕಟ್ಟಿ ನಿಲ್ಲಿಸಬೇಕು. ಸ್ಟೀರಿಂಗ್ ತಿರುಗುವುದಕ್ಕಾಗಲಿ ಪೆಡಲುಗಳಿಗಾಗಲಿ ಅಡ್ಡಿಯಾಗಬಾರದು. ಪ್ಲಾಸ್ಟಿಕ್ಕಿಗೋ ವೈರುಗಳ ಕಟ್ಟಿಗೋ ತೂಗುಹಾಕಿದರೆ ನಿಜವಾದ ಪೆಟ್ಟು ಅದಕ್ಕೆ ತಲಪದು. ಬರೇ ಅಂಟುಪಟ್ಟಿ ನಂಬಬಾರದು; ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಕಾವಿಗೆ ಅಂಟು ಸಡಿಲುತ್ತದೆ.

ವೈರು ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿಸಬೇಕು. ಹಳದಿ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಗಾಳಿಚೀಲದವು. ಅವುಗಳ ತಂಟೆ ಸಲ್ಲದು. ಕಾರಿನ ಮೂಲ ವೈರನ್ನು ಕತ್ತರಿಸಿದರೆ ವಾರಂಟಿಗೆ ತೊಡಕಾದೀತು. ಮೊದಲೇ ಮಾರಿದವರಲ್ಲಿ ವಿಚಾರಿಸಬೇಕು.

ಇನ್ನು ಹದ ಮಾಡುವ ಕ್ರಮ. ಪೆಟ್ಟಿಗೆಯ ಮೇಲೆ ಸಣ್ಣ ತಿರುಪು ಇರುತ್ತದೆ. ಎತ್ತ ತಿರುಗಿಸಿದರೆ ಹೆಚ್ಚು, ಎತ್ತ ಕಡಿಮೆ ಎಂಬ ಗುರುತನ್ನು ನೋಡಿ, ಮೊದಲು ಅತಿ ಕಡಿಮೆಗೆ ಇಡಬೇಕು. ಬಾಗಿಲು ಮುಚ್ಚಿ, ಗಂಟೆ ಚಾಲೂ ಮಾಡಿ, ಒಂದು ನಿಮಿಷ ಕಾಯಬೇಕು. ಸೆನ್ಸರ್ ಒಡನೆಯೇ ಎಚ್ಚರಗೊಳ್ಳುವುದಿಲ್ಲ. ಬಳಿಕ ಅಂಗೈಯಿಂದ ಬಾಗಿಲ ಕಂಬಕ್ಕೆ ಗುದ್ದಿ ನೋಡಬೇಕು, ಗಾಜಿಗಲ್ಲ. ಕೂಗದಿದ್ದರೆ ತಿರುಪನ್ನು ಕೂದಲೆಳೆಯಷ್ಟು ಏರಿಸಿ ಮತ್ತೆ ಪರೀಕ್ಷಿಸಬೇಕು. ಪ್ರತಿಸಲ ಗಂಟೆಯನ್ನು ನಿಲ್ಲಿಸಿ ಹೊಸದಾಗಿ ಚಾಲೂ ಮಾಡಬೇಕು. ಮತ್ತೆ ಮತ್ತೆ ಕೂಗಿದ ಸೆನ್ಸರನ್ನು ಕೆಲವು ಗಂಟೆಗಳು ತಾವಾಗಿಯೇ ಕಡೆಗಣಿಸುತ್ತವೆ.

ಜೋರು ಗುದ್ದಿಗೆ ಕೂಗಿ, ಮೆಲ್ಲನೆ ತಟ್ಟಿದಾಗ ಸುಮ್ಮನಿದ್ದರೆ ಹದ ಬಂತೆನ್ನಬಹುದು. ಆದರೆ ಕೊನೆಯ ಪರೀಕ್ಷೆ ಕಾರು ರಾತ್ರಿ ನಿಲ್ಲುವ ಜಾಗದಲ್ಲೇ ಆಗಬೇಕು. ಹೆದ್ದಾರಿಯ ಬದಿಯಲ್ಲಿ ಲಾರಿಗಳ ಅದುರು, ಜಾತ್ರೆಯಲ್ಲಿ ಜನರ ನೂಕುನುಗ್ಗಲು, ನಮ್ಮಲ್ಲಾದರೆ ಆಟಿಯ ಜಡಿಮಳೆ ಮತ್ತು ಗುಡುಗು. ಒಂದೂರಿನ ಹದ ಇನ್ನೊಂದೂರಿಗೆ ಒಗ್ಗದು.

ತೋಳ ಬಂತೆಂದು ಸುಳ್ಳು ಕೂಗಿದ ಹುಡುಗನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ನಿತ್ಯ ಸುಮ್ಮನೆ ಕಿರುಚುವ ಕಾರಿನ ಗತಿಯೂ ಅದೇ. ಕಳ್ಳ ಬಂದ ದಿನ ನೆರೆಯವರು ಕಿಟಕಿ ತೆರೆಯರು. ಅಲ್ಲದೆ, ಪೆಟ್ಟೇ ಬೀಳದಂತೆ ನಕಲಿ ಕೀಲಿಯಿಂದ ಬಾಗಿಲು ತೆರೆದರೆ ಈ ಸೆನ್ಸರಿಗೆ ಗೊತ್ತಾಗದಿರಬಹುದು. ಅದಕ್ಕೆ ಬಾಗಿಲ ಸ್ವಿಚ್ಚು ಬೇರೆಯೇ ಬೇಕು. ಚೀಲವನ್ನು ಕಣ್ಣಿಗೆ ಬೀಳುವಂತೆ ಬಿಡದಿರುವುದಂತೂ ಎಲ್ಲಕ್ಕಿಂತ ಮೇಲು.

ಮಕ್ತಲಿನ ಮೇಷ್ಟರು ಈಗ ಸೆನ್ಸರನ್ನು ಮತ್ತೆ ಜೋಡಿಸಿಕೊಂಡಿದ್ದಾರೆ. ತಿರುಪು ಎಲ್ಲಿಗೆ ನಿಂತಿದೆ, ಯಾವ ವೈರು ಯಾವುದಕ್ಕೆ ಎಂಬುದನ್ನು ಪುಸ್ತಿಕೆಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಮನೆಯವರೆಲ್ಲ ಓದಬಲ್ಲ ಆ ನಾಲ್ಕು ಸಾಲು, ವಾಚಕರೇ, ನಿಮ್ಮ ಕಾರಿನಲ್ಲೂ ಇರಲಿ.